ಬಾಹ್ಯಾಕಾಶದ ಗುಜರಿಯವರು: ಕೊರಿಯಾದ ‘ಸ್ಪೇಸ್ ಸ್ವೀಪರ್ಸ್’ ನೋಡಿದವರು ಬನ್ನಿ, ಮಾತಾಡೋಣ

ಲೇತ್‌ಮನೆ:
ಎಲ್ಲರಿಗೂ ನಮಸ್ಕಾರ. ಈ ಸಿನಿಮಾ 2021ರ ಫೆಬ್ರವರಿ 5ಕ್ಕೇ ನೆಟ್‌ಫ್ಲಿಕ್ಸ್‌ಗೆ ಬಂದಿದೆ. ನಾನು ನೋಡಿದ್ದು ಮಾತ್ರ ಮೊನ್ನೆ ಭಾನುವಾರ. ಊಟ ಆದ ಮೇಲೆ ಅರ್ಧ ಗಂಟೆ ನೋಡಿ ಮಲಗೋಣ ಅಂತ ಹಾಕಿದೆ. 2 ಗಂಟೆ 16 ನಿಮಿಷ ಕೂತ ಜಾಗ ಬಿಟ್ಟು ಏಳಲಿಲ್ಲ. ಯಾರ ಜೊತೆಗಾದರೂ ಮಾತಾಡಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಕತೆಯ ಗುಟ್ಟುಗಳೂ ಬರುತ್ತವೆ, ನೋಡದೇ ಇರುವವರು ನೋಡಿಕೊಂಡು ಬನ್ನಿ.

ಕತೆ ನಡೆಯೋದು 2092ರಲ್ಲಿ. ಭೂಮಿಯ ಮೇಲೆ ಗಿಡ ಮರ ಸತ್ತು, ಗಾಳಿ ಕೆಟ್ಟು, ಉಸಿರಾಡೋದೇ ಕಷ್ಟ ಆಗಿದೆ. ಯುಟಿಎಸ್ ಅನ್ನೋ ಕಂಪನಿ ಮೇಲೆ ಕಕ್ಷೆಯಲ್ಲಿ ಹಸಿರು ಊರು ಕಟ್ಟಿದೆ. ಅಲ್ಲಿಗೆ ಆರಿಸಿದ ಕೆಲವರಿಗೆ ಮಾತ್ರ ಜಾಗ. ಇವೆರಡರ ನಡುವೆ ಇನ್ನೊಂದು ಮಂದಿ ಇದ್ದಾರೆ. ಕೆಟ್ಟ ಉಪಗ್ರಹ, ಮುರಿದ ರಾಕೆಟ್ ತುಂಡು ಹಿಡಿದು ಮಾರಿ ಹೊಟ್ಟೆ ಹೊರೆಯುವವರು. ನಮ್ಮ ಮಾತಲ್ಲಿ ಹೇಳೋದಾದರೆ ಗುಜರಿಯವರು. ಅಂಥ ಒಂದು ಹಡಗಿನ ನಾಲ್ಕು ಜನರ ಕತೆ ಇದು.

ನಾನು ಪೀಣ್ಯದಲ್ಲಿ ಒಂದು ಚಿಕ್ಕ ವರ್ಕ್‌ಶಾಪಿನಲ್ಲಿ ಮೆಷಿನ್ ಓಡಿಸುತ್ತೇನೆ. ಶಿಫ್ಟ್ ಮುಗಿದಾಗ ಕೆಳಗಿನ ಟ್ರೇ ಎಳೆದು ಅಲ್ಯೂಮಿನಿಯಂ ಚೂರನ್ನು ಒಂದು ಚೀಲಕ್ಕೆ, ಸ್ಟೀಲ್ ಚೂರನ್ನು ಇನ್ನೊಂದು ಚೀಲಕ್ಕೆ ತುಂಬಬೇಕು. ಎರಡೂ ಬೆರೆತರೆ ರೇಟು ಬೀಳುತ್ತೆ. ಶನಿವಾರ ಗುಜರಿಯವರು ಬಂದು ತೂಕ ಹಾಕಿ ಒಯ್ಯುತ್ತಾರೆ. ಈ ಕೆಲಸ ಮಾಡಿದವನಿಗೆ ಸಿನಿಮಾದ ಶುರುವೇ ಬೇರೆ ಥರ ಕಾಣುತ್ತೆ. ‘ವಿಕ್ಟರಿ’ ಹಡಗಿನವರು ಎಲ್ಲರನ್ನೂ ಹಿಂದೆ ಹಾಕಿ ಒಂದು ದೊಡ್ಡ ತುಂಡು ಹಿಡಿಯುತ್ತಾರೆ. ಖುಷಿಪಡೋಕೂ ಪುರುಸೊತ್ತಿಲ್ಲ. ಬಂದ ಕೂಡಲೇ ದಂಡ, ರಿಪೇರಿ, ಹಳೆ ಬಾಕಿ. ಲೆಕ್ಕ ಮುಗಿದಾಗ ಸಾಲ ಮೊದಲಿಗಿಂತ ಜಾಸ್ತಿ ಆಗಿರುತ್ತೆ. ಪೈಲಟ್ ತೇಹೋನ ಕಾಲುಚೀಲದಲ್ಲಿ ತೂತು. ಹೊಸ ಜೊತೆ ಕೊಳ್ಳೋಕೂ ಅವನ ಹತ್ತಿರ ಕಾಸಿಲ್ಲ. ಬಾಹ್ಯಾಕಾಶದ ಸಿನಿಮಾ ನಾನೂ ಸುಮಾರು ನೋಡಿದ್ದೇನೆ. ಎಲ್ಲದರಲ್ಲೂ ಬಟ್ಟೆ ಬೆಳ್ಳಗೆ, ನೆಲ ಬೆಳ್ಳಗೆ. ಅಲ್ಲಿ ಗುಡಿಸುವವರು ಯಾರು ಅಂತ ಯಾರೂ ತೋರಿಸಿರಲಿಲ್ಲ.

ಈಗ ನನ್ನ ಪ್ರಶ್ನೆ. ಎಲ್ಲಿ ಓದಿದರೂ ಒಂದೇ ಮಾತು: ಮೊದಲರ್ಧ ಚೆನ್ನಾಗಿದೆ, ಆಮೇಲೆ ಬರೀ ಅಳು. ನಾನು ಒಪ್ಪೋದಿಲ್ಲ. ತೇಹೋಗೆ ದುಡ್ಡು ಬೇಕಾಗಿರೋದು ಯಾಕೆ? ಅವನ ಸಾಕುಮಗಳು ಸುನಿ ಒಂದು ಅಪಘಾತದಲ್ಲಿ ಬಾಹ್ಯಾಕಾಶಕ್ಕೆ ಹಾರಿಹೋಗಿದ್ದಾಳೆ. ಅವಳ ದೇಹ ಎಲ್ಲೋ ತೇಲುತ್ತಿದೆ. ದುಡ್ಡು ಕಟ್ಟಿದರೆ ಹುಡುಕಿಸಬಹುದು. ತಡವಾದರೆ ಕೈಗೆ ಸಿಗದಷ್ಟು ದೂರ ಹೋಗಿಬಿಡುತ್ತಾಳೆ. ಮಗಳನ್ನು ಮಣ್ಣು ಮಾಡೋಕೂ ದುಡ್ಡು ಹೊಂದಿಸಬೇಕಾದ ಅಪ್ಪ ಅವನು. ಆ ಅಳು ಹೊರಗಿಂದ ತಂದು ಅಂಟಿಸಿದ್ದಲ್ಲ, ಈ ಲೆಕ್ಕದ ಒಳಗಿಂದಲೇ ಬಂದಿದ್ದು. ನಿಮಗೆಲ್ಲ ಏನನ್ನಿಸಿತು?

ಸಾಗರದವಳು:
ಅಣ್ಣ, ಎಷ್ಟು ಚೆನ್ನಾಗಿ ಬರೆದಿದ್ದೀರಿ. ನಾನು ಮೂರು ವರ್ಷದಿಂದ ಮನೆಯಲ್ಲೇ ಕೊರಿಯನ್ ಕಲಿಯುತ್ತಿದ್ದೇನೆ. ಈ ಸಿನಿಮಾದಲ್ಲಿ ಇಂಗ್ಲಿಷ್ ಸಬ್‌ಟೈಟಲ್‌ಗೆ ಬಾರದೇ ಹೋದ ಕೆಲವು ಸಂಗತಿ ಇವೆ. ಅವನ್ನು ಹೇಳಲೇಬೇಕು.

ಕೊರಿಯನ್‌ನಲ್ಲಿ ಸಿನಿಮಾದ ಹೆಸರು ‘ಸೂಂಗ್ನಿಹೋ’. ‘ಸೂಂಗ್ನಿ’ ಅಂದರೆ ಗೆಲುವು. ‘ಹೋ’ ಅನ್ನೋದು ಹಡಗಿನ ಹೆಸರಿನ ಕೊನೆಗೆ ಸೇರಿಸುವ ಅಕ್ಷರ. ಅಂದರೆ ಕಸ ಗುಡಿಸುವವರು ಅನ್ನೋ ಮಾತು ಮೂಲ ಹೆಸರಲ್ಲಿ ಇಲ್ಲವೇ ಇಲ್ಲ. ಅಷ್ಟು ಸಾಲದಲ್ಲಿ ಮುಳುಗಿರೋ ಹಡಗಿಗೆ ಗೆಲುವು ಅಂತ ಹೆಸರು.

‘ವಿಕ್ಟರಿ’ಯವರ ಕೈಗೆ ಸಿಗೋ ಪುಟ್ಟ ಹುಡುಗಿಯನ್ನು ಟಿವಿಯವರು, ಕಂಪನಿಯವರು ಎಲ್ಲ ‘ಡೊರೊತಿ’ ಅಂತಾರೆ. ಅದು ಬಾಂಬ್ ಇಟ್ಟಿರೋ ರೋಬೋ, ಕಂಡರೆ ತಿಳಿಸಿ ಅಂತ ಹೇಳುವಾಗ ಬಳಸುವ ಹೆಸರು. ಅವಳ ನಿಜವಾದ ಹೆಸರು ‘ಕೊನ್ನಿಮ್’. ಅದರಲ್ಲಿ ಮೊದಲ ಭಾಗ ಹೂವು, ‘ನಿಮ್’ ಅನ್ನೋದು ಗೌರವಕ್ಕೆ ಹಚ್ಚುವ ಮಾತು. ನಮ್ಮಲ್ಲಿ ಹೂವಮ್ಮ ಅಂತ ಇಡುತ್ತಾರಲ್ವಾ, ಹೆಚ್ಚುಕಡಿಮೆ ಹಾಗೇ. ಡೊರೊತಿ ಅಂದಾಗ ಹೆದರುತ್ತಿದ್ದವರು ಹೂವಮ್ಮ ಅಂತ ಕರೆಯೋಕೆ ಶುರು ಮಾಡಿದ ಮೇಲೆ ಅವಳನ್ನು ಮಾರೋಕೆ ಮನಸ್ಸು ಬಾರದೇ ಒದ್ದಾಡುತ್ತಾರೆ.

ಹಡಗಿನ ನಾಲ್ವರಲ್ಲಿ ಒಬ್ಬರು ರೋಬೋ, ಅದರ ಹೆಸರು ಇಂಗ್ಲಿಷ್‌ನಲ್ಲಿ ‘ಬಬ್ಸ್’. ಕೊರಿಯನ್‌ನಲ್ಲಿ ‘ಒಪ್ತೊಂಗಿ’. ಯಾರೋ ಬಾಗಿಲಲ್ಲಿ ಬಿಟ್ಟುಹೋದ ಮಗುವನ್ನು ಮನೆಯವರು ಎತ್ತಿ ಸಾಕಿದರೆ ಆ ಮಗುವಿಗೆ ಒಂದು ಪದ ಇದೆ, ಅದರಿಂದ ಬಂದ ಹೆಸರು ಇದು. ಆ ಹಡಗಿನಲ್ಲಿ ಎಲ್ಲರೂ ಹಾಗೆ ಬಂದು ಸೇರಿದವರೇ ಅಲ್ವಾ?

ಇನ್ನೊಂದು. ಕೊರಿಯಾದ ಮಕ್ಕಳು ಅಪ್ಪನನ್ನು ಕರೆಯೋದು ‘ಅಪ್ಪಾ’ ಅಂತಲೇ. ಕನ್ನಡಕ್ಕೂ ಕೊರಿಯನ್‌ಗೂ ನಂಟಿದೆ ಅಂತ ನಾನು ಹೇಳುತ್ತಿಲ್ಲ, ಸುಮ್ನೆ ಹಾಗೆ ಹೊಂದಿಕೊಂಡಿದೆ ಅಷ್ಟೇ. ಆದರೆ ಸುನಿ ‘ಅಪ್ಪಾ’ ಅಂದಾಗ ನಾನು ಸಬ್‌ಟೈಟಲ್ ನೋಡಲಿಲ್ಲ. ಪಕ್ಕದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದ ನಮ್ಮ ಅಜ್ಜಿ ತಲೆ ಎತ್ತಿ, “ಯಾರ ಮಗು ಅದು?” ಅಂದರು.

ಧಾರವಾಡದ ಓದುಗ:
ಭಾಳ ಚಲೋ ಮಾತು, ಅಕ್ಕಾರ. ಲೇತ್‌ಮನೆ ಅಣ್ಣಾರ, ನಿಮ್ಮ ಗುಜರಿ ಲೆಕ್ಕ ಮನಸ್ಸಿಗೆ ನಾಟಿತು. ಆದರೂ ನನ್ನ ತಕರಾರು ಹೇಳುತ್ತೇನೆ.

ಖಳನಾಯಕ, ಯುಟಿಎಸ್ ಕಂಪನಿಯ ಮುಖ್ಯಸ್ಥ ಸಲಿವನ್ ಪಾತ್ರ ನನಗೆ ಹಿಡಿಸಲಿಲ್ಲ. 152 ವರ್ಷದ ಮುದುಕ, ನೋಡೋಕೆ ನಡುವಯಸ್ಸಿನವನ ಹಾಗೆ. ಮಂಗಳ ಗ್ರಹವನ್ನು ಹಸಿರು ಮಾಡಿ, ಬೇಕಾದವರನ್ನಷ್ಟೇ ಅಲ್ಲಿಗೆ ಒಯ್ದು, ಭೂಮಿಯನ್ನು ಕೈಬಿಡೋದು ಅವನ ಯೋಜನೆ. ಯೋಚನೆ ಸರಿಯಾಗಿದೆ. ಆದರೆ ಅವನು ಕೆಟ್ಟವನು ಅಂತ ಗೊತ್ತಾಗಲಿ ಅಂತ ಮುಖದಲ್ಲಿ ನರ ಉಬ್ಬಿಸುವ ಅಗತ್ಯ ಇರಲಿಲ್ಲ. ರಿಚರ್ಡ್ ಆರ್ಮಿಟೇಜ್ ಒಳ್ಳೆ ನಟ. ಅವನಿಗೆ ಮಾಡೋಕೆ ಏನೂ ಕೊಟ್ಟಿಲ್ಲ. ನಿಮ್ಮನ್ನು ಸಾಲದಲ್ಲಿ ಕೂರಿಸಿದ್ದು ಯಾರು ಅಂತ ಮೊದಲರ್ಧದಲ್ಲಿ ಸಿನಿಮಾ ಸರಿಯಾಗಿ ತೋರಿಸಿತ್ತು. ಕಂಪನಿ, ಅದರ ದಂಡ, ಅದರ ಪೌರತ್ವದ ಚೀಟಿ. ಕೊನೆಗೆ ಬಂದಾಗ ಒಬ್ಬ ಮನುಷ್ಯನನ್ನು ಸೋಲಿಸಿದರೆ ಎಲ್ಲ ಸರಿಹೋಯಿತು ಅಂದುಬಿಟ್ಟಿತು. ಅಳು ಇದ್ದದ್ದು ನನಗೆ ತೊಂದರೆ ಅಲ್ಲ. ಸಾಲದ ಕತೆ ನಡುವಲ್ಲೇ ಬಿಟ್ಟುಹೋಗಿದ್ದು ತೊಂದರೆ.

ಕ್ಯಾಪ್ಟನ್ ಜಾಂಗ್ ಪಾತ್ರದ ಕಿಮ್ ತೇರಿ ಬಗ್ಗೆ ಮಾತ್ರ ಎರಡು ಮಾತಿಲ್ಲ. ಒಂದು ಕಾಲಕ್ಕೆ ಆ ಕಂಪನಿಯೇ ಬೆಳೆಸಿದ ಹುಡುಗಿ, ಅದರ ವಿರುದ್ಧವೇ ತಿರುಗಿಬಿದ್ದವಳು. ಹೆಚ್ಚು ಮಾತಿಲ್ಲದೇ ಅದನ್ನು ತೋರಿಸಿದ್ದಾಳೆ.

ಲೇತ್‌ಮನೆ:
ಧಾರವಾಡದ ಸರ್, ಸಲಿವನ್ ವಿಷಯ ಒಪ್ಪಿದೆ. ಅವನು ಬಂದಾಗಲೆಲ್ಲ ನನಗೆ ಹಡಗಿನ ಒಳಗೆ ವಾಪಸ್ ಹೋಗಬೇಕು ಅನ್ನಿಸುತ್ತಿತ್ತು. ಟೈಗರ್ ಪಾರ್ಕ್ ಇಂಜಿನ್ ಕೋಣೆಯಲ್ಲಿ ಮೈಯೆಲ್ಲ ಹಚ್ಚೆ ಹಾಕಿಸಿಕೊಂಡು ಬೆವರು ಸುರಿಸುತ್ತಾ ನಿಂತಿರುತ್ತಾನಲ್ಲ, ಅಂಥ ಮನುಷ್ಯ ಪೀಣ್ಯದ ಪ್ರತಿ ಬೀದಿಯಲ್ಲೂ ಒಬ್ಬ ಸಿಗುತ್ತಾನೆ.

ಸಾಗರದ ಅಕ್ಕ, ಹೂವಮ್ಮ ಅನ್ನೋದು ಕೇಳಿ ಮೈ ಜುಮ್ಮೆಂದಿತು. ಇನ್ನು ಮೇಲೆ ನಾನೂ ಹಾಗೇ ಕರೆಯುತ್ತೇನೆ.

ಕಕ್ಷೆ80:
ಮೊದಲು ಸಿನಿಮಾ ತಪ್ಪಿದ ಜಾಗ ಹೇಳಿಬಿಡುತ್ತೇನೆ. ಆಮೇಲೆ ಸರಿ ಹಿಡಿದ ಜಾಗ. ಅದು ಜಾಸ್ತಿ ಮುಖ್ಯ.

ಶಬ್ದ. ಗಾಳಿ ಇಲ್ಲದ ಕಡೆ ಇಂಜಿನ್ ಸದ್ದು, ಡಿಕ್ಕಿ ಸದ್ದು ಕೇಳೋದಿಲ್ಲ. ಇದನ್ನು ಬಿಟ್ಟುಬಿಡೋಣ, ಎಲ್ಲರೂ ಮಾಡುತ್ತಾರೆ. ಸುನಿ ದೂರ ಹೋಗಿಬಿಡುತ್ತಾಳೆ ಅನ್ನೋದು ಲೆಕ್ಕಕ್ಕೆ ಸರಿಹೊಂದೋದಿಲ್ಲ. ಭೂಮಿಯನ್ನು ಸುತ್ತುವ ವಸ್ತುವನ್ನು ಯಾರೂ ತಳ್ಳದಿದ್ದರೆ ಅದು ತಾನಾಗೇ ಹೊರಗೆ ಹೋಗೋದಿಲ್ಲ. ಕೆಳಕಕ್ಷೆಯಲ್ಲಿ ಅಲ್ಪಸ್ವಲ್ಪ ಗಾಳಿ ಇರುತ್ತೆ. ಅದು ಉಜ್ಜಿ ಉಜ್ಜಿ ವಸ್ತು ನಿಧಾನಕ್ಕೆ ಕೆಳಗೆ ಇಳಿಯುತ್ತೆ, ಕೊನೆಗೆ ಉರಿದುಹೋಗುತ್ತೆ. 400 ಕಿಲೋಮೀಟರ್ ಎತ್ತರದಲ್ಲಿದ್ದರೆ ಒಂದೆರಡು ವರ್ಷದ ಮಾತು. 800 ಕಿಲೋಮೀಟರ್ ಆದರೆ ನೂರು ವರ್ಷಕ್ಕೂ ಜಾಸ್ತಿ. ಇನ್ನೂ ಮೇಲೆ ಹೋದರೆ ಸಾವಿರಾರು ವರ್ಷ.

ಆದರೆ ಆ ಅಪಘಾತ ಇದೆಯಲ್ಲ, ಅದು ಪೂರ್ತಿ ನಿಜ. ಕೆಳಕಕ್ಷೆಯಲ್ಲಿ ಎಲ್ಲವೂ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಓಡುತ್ತವೆ. ಎದುರುಬದುರು ಬಂದರೆ ಒಂದು ನಟ್ಟು ಸಾಕು. 1978ರಲ್ಲೇ ನಾಸಾದ ಡೊನಾಲ್ಡ್ ಕೆಸ್ಲರ್ ಹೇಳಿದ್ದು ಇದನ್ನೇ. ಡಿಕ್ಕಿಯಿಂದ ಚೂರು, ಚೂರಿನಿಂದ ಮತ್ತೆ ಡಿಕ್ಕಿ, ಹೀಗೇ ಬೆಳೆಯುತ್ತಾ ಹೋಗುತ್ತೆ ಅಂತ. 2009ರ ಫೆಬ್ರವರಿ 10ಕ್ಕೆ ಸೈಬೀರಿಯಾದ ಮೇಲೆ, ಸುಮಾರು 790 ಕಿಲೋಮೀಟರ್ ಎತ್ತರದಲ್ಲಿ, ಕೆಲಸ ಮಾಡುತ್ತಿದ್ದ ‘ಇರಿಡಿಯಂ 33’ ಉಪಗ್ರಹಕ್ಕೆ ರಷ್ಯಾದ ಸತ್ತ ‘ಕಾಸ್ಮೋಸ್ 2251’ ಬಂದು ಬಡಿಯಿತು. ಎರಡು ಸಾವಿರಕ್ಕೂ ಜಾಸ್ತಿ ದೊಡ್ಡ ಚೂರು. 2007ರಲ್ಲಿ ಚೀನಾ ತನ್ನದೇ ಹಳೆ ಹವಾಮಾನ ಉಪಗ್ರಹವನ್ನು ಕ್ಷಿಪಣಿಯಿಂದ ಹೊಡೆದಾಗ ಮೂರು ಸಾವಿರಕ್ಕೂ ಮೇಲೆ. ನಾವೂ 2019ರ ಮಾರ್ಚ್ 27ಕ್ಕೆ ‘ಮಿಷನ್ ಶಕ್ತಿ’ಯಲ್ಲಿ ಒಂದನ್ನು ಹೊಡೆದೆವು. ಅದು 300 ಕಿಲೋಮೀಟರಿಗಿಂತ ಕೆಳಗೆ ಇದ್ದದ್ದರಿಂದ ಬಹಳಷ್ಟು ಚೂರು ಬೇಗ ಉರಿದುಹೋದವು. ಕೆಲವು ಮಾತ್ರ ಮೇಲಕ್ಕೆ ಚಿಮ್ಮಿ ಹೆಚ್ಚು ಕಾಲ ಉಳಿದವು.

ಇನ್ನು ರೋಬೋ ಎಸೆಯೋ ಹಗ್ಗದ ಈಟಿ. ನೋಡಿದವರು ಅದೇನು ಕಟ್ಟುಕತೆ ಅಂದುಕೊಂಡಿರಬಹುದು. ಬ್ರಿಟನ್ನಿನ ಸರ‍್ರೆ ವಿಶ್ವವಿದ್ಯಾಲಯದ ನೇತೃತ್ವದ ‘ರಿಮೂವ್ ಡೆಬ್ರಿ’ ಅನ್ನೋ ಪ್ರಯೋಗದಲ್ಲಿ 2018ರ ಸೆಪ್ಟೆಂಬರ್‌ನಲ್ಲಿ ಬಲೆ ಬೀಸಿ ಒಂದು ಚಿಕ್ಕ ಉಪಗ್ರಹ ಹಿಡಿದರು. 2019ರ ಫೆಬ್ರವರಿಯಲ್ಲಿ ಈಟಿ ಹೊಡೆದು ಒಂದು ಫಲಕಕ್ಕೆ ನಾಟಿಸಿದರು. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, ಒಂದೂವರೆ ಮೀಟರ್ ದೂರಕ್ಕೆ. ಸಿನಿಮಾದವರು ಗಾಳಿಯಲ್ಲಿ ಗೋಪುರ ಕಟ್ಟಿಲ್ಲ.

ಸಾಗರದವಳು:
ಈಟಿ ನಿಜವಾಗಿಯೂ ಹೊಡೆದಿದ್ದಾರಾ! ಸರ್, ಹಾಗಾದರೆ ಯಾರು ಬೇಕಾದರೂ ಹೋಗಿ ಹಿಡಿದುಕೊಂಡು ಬಂದು ಮಾರಬಹುದಾ?

ಕಕ್ಷೆ80:
ಆಗೋದಿಲ್ಲ ಮೇಡಂ. ಸಿನಿಮಾದ ಲೋಕಕ್ಕೂ ನಮ್ಮ ಲೋಕಕ್ಕೂ ದೊಡ್ಡ ವ್ಯತ್ಯಾಸ ಇರೋದು ಇಲ್ಲೇ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಮೇಲೆ ಕಳಿಸಿದ ವಸ್ತು ಯಾರದ್ದೋ ಅವರದ್ದೇ ಆಗಿ ಉಳಿಯುತ್ತೆ. ಕೆಟ್ಟರೂ, ಸತ್ತರೂ, ತುಂಡಾದರೂ. ಸಮುದ್ರದಲ್ಲಿ ಮುಳುಗುತ್ತಿರೋ ಹಡಗನ್ನು ಕಾಪಾಡಿದವರಿಗೆ ಪ್ರತಿಫಲ ಸಿಗುತ್ತೆ. ಬಾಹ್ಯಾಕಾಶಕ್ಕೆ ಅಂಥ ಕಾನೂನು ಇನ್ನೂ ಇಲ್ಲ. ಜಪಾನಿನ ‘ಆಸ್ಟ್ರೋಸ್ಕೇಲ್’ ಕಂಪನಿಯ ನೌಕೆ 2024ರಲ್ಲಿ ಒಂದು ಹಳೆ ರಾಕೆಟ್ ಭಾಗದ ಹತ್ತಿರ, ಸುಮಾರು 15 ಮೀಟರ್‌ವರೆಗೆ ಹೋಗಿ ಬಂತು. ಅದೂ ಜಪಾನಿನದೇ ರಾಕೆಟ್. ಬೇರೆಯವರದ್ದನ್ನು ಮುಟ್ಟಬೇಕು ಅಂದರೆ ಮೊದಲು ಒಪ್ಪಿಗೆ ಬೇಕು.

ಲೇತ್‌ಮನೆ:
ಅಂದರೆ ಗುಡಿಸೋಕೂ ಮಾಲೀಕರ ಅಪ್ಪಣೆ. ಚೆಲ್ಲಿದವರಿಗೆ ಮಾತ್ರ ಅಪ್ಪಣೆ ಬೇಕಿರಲಿಲ್ಲ. ಇದು ನನಗೆ ಬಹಳ ನೋವು ಕೊಡೋ ವಿಷಯ ಸರ್.

ನಮ್ಮ ಶಾಪಿನಲ್ಲಿ ಒಂದು ಸ್ಪ್ಯಾನರ್ ಕಾಣಿಸದಿದ್ದರೆ ಶಿಫ್ಟ್ ಮುಗಿಸೋಕೆ ಬಿಡೋದಿಲ್ಲ. ಬೋರ್ಡಿನ ಮೇಲೆ ಪ್ರತಿ ಸ್ಪ್ಯಾನರಿನ ಆಕಾರ ಬಣ್ಣದಲ್ಲಿ ಬರೆದಿರುತ್ತೆ, ಖಾಲಿ ಆಕಾರ ಕಂಡರೆ ಎಲ್ಲರೂ ಹುಡುಕಬೇಕು. ಈ ಸಿನಿಮಾ ನೋಡಿದ ಮೇಲೆ ಓದುತ್ತಾ ಕೂತಾಗ ಒಂದು ಸಂಗತಿ ಸಿಕ್ಕಿತು. 2008ರ ನವೆಂಬರ್‌ನಲ್ಲಿ ಬಾಹ್ಯಾಕಾಶ ನಿಲ್ದಾಣದ ಹೊರಗೆ ಕೆಲಸ ಮಾಡುವಾಗ ಗ್ರೀಸ್ ಗನ್ ಸೋರಿ, ಅದನ್ನು ಒರೆಸುತ್ತಿರುವಾಗ ಇಡೀ ಸಾಮಾನಿನ ಚೀಲವೇ ಕೈತಪ್ಪಿ ತೇಲಿಹೋಯಿತಂತೆ. ಎಂಟು ತಿಂಗಳಿಗೂ ಜಾಸ್ತಿ ಭೂಮಿ ಸುತ್ತಿ, 2009ರ ಆಗಸ್ಟ್‌ನಲ್ಲಿ ಉರಿದುಹೋಯಿತು. ಗ್ರೀಸ್ ಅಂಟಿದ ಕೈಯಲ್ಲಿ ಸಾಮಾನು ಜಾರೋದು ಹೇಗೆ ಅಂತ ನನಗೆ ಗೊತ್ತು. ಅವರ ಹೊಟ್ಟೆಯಲ್ಲಿ ಆಗ ಏನಾಗಿರಬೇಕು!

ಸುವೊನ್ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಕೊರಿಯಾಕ್ಕೆ ಬಂದು ಆರು ವರ್ಷ ಆಯಿತು. ಅಳುವಿನ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಲೇತ್‌ಮನೆಯವರ ಎದುರು ಪಕ್ಷ.

ಇಲ್ಲಿ ಇದಕ್ಕೆ ಒಂದು ಪದ ಇದೆ: ‘ಶಿನ್‌ಪಾ’. ನೂರು ವರ್ಷಕ್ಕೂ ಹಿಂದೆ ಜಪಾನಿನಿಂದ ಬಂದ ಒಂದು ಬಗೆಯ ನಾಟಕದ ಹೆಸರು ಅದು. ಈಗ ಪ್ರೇಕ್ಷಕರನ್ನು ಬೇಕು ಅಂತಲೇ ಅಳಿಸೋ ದೃಶ್ಯಕ್ಕೆ ಬೈಗುಳದ ಹಾಗೆ ಬಳಸುತ್ತಾರೆ. ಆಫೀಸಿನಲ್ಲಿ ಸಿನಿಮಾ ಮಾತು ಬಂದರೆ ಮೊದಲ ಪ್ರಶ್ನೆ, “ಶಿನ್‌ಪಾ ಇದೆಯಾ?” ಅಂತ. ಇದೆ ಅಂದರೆ ಕೆಲವರು ಟಿಕೆಟ್ ತೆಗೆದುಕೊಳ್ಳೋದೇ ಇಲ್ಲ. ‘ಸೂಂಗ್ನಿಹೋ’ ಮೇಲೂ ಇದೇ ದೂರು ಇತ್ತು. ನಿರ್ದೇಶಕ ಜೊ ಸಂಗ್‌ಹಿ ಬಾಹ್ಯಾಕಾಶದ ಕಸದ ಬಗ್ಗೆ ಗೆಳೆಯರೊಬ್ಬರಿಂದ ಕೇಳಿ, ಸುಮಾರು ಹತ್ತು ವರ್ಷ ಈ ಕತೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರಂತೆ. ಖರ್ಚು 2,400 ಕೋಟಿ ವೊನ್, ನಮ್ಮ ಲೆಕ್ಕದಲ್ಲಿ ಆಗಿನ ಸುಮಾರು 160 ಕೋಟಿ ರೂಪಾಯಿ. 2020ರಲ್ಲಿ ಥಿಯೇಟರಿಗೆ ಬರಬೇಕಿತ್ತು. ಕೋವಿಡ್‌ನಿಂದ ಮುಂದಕ್ಕೆ ಹೋಗಿ ಹೋಗಿ ಕೊನೆಗೆ ಮನೆಯ ಪರದೆಗೆ ಬಂತು. ಇಷ್ಟು ದೊಡ್ಡ ಬಾಹ್ಯಾಕಾಶ ಸಿನಿಮಾ ಕೊರಿಯಾದವರು ಮಾಡಿದ್ದು ಅದೇ ಮೊದಲು. ಅದಕ್ಕೇ ಜನ ಅದರ ಮೇಲೆ ತುಂಬಾ ಆಸೆ ಇಟ್ಟಿದ್ದರು.

ಶಿನ್‌ಪಾ ಎಷ್ಟು ದುಬಾರಿ ಆಗಬಹುದು ಅಂತ ನಾನು ಕಣ್ಣಾರೆ ಕಂಡೆ. 2023ರ ಆಗಸ್ಟ್ 2ಕ್ಕೆ ‘ದ ಮೂನ್’ ಬಂತು. ನಿರ್ದೇಶಕ ಕಿಮ್ ಯೊಂಗ್‌ಹ್ವಾ. ಮೊದಲ ವಾರವೇ ಹೋದೆ. 2029ರಲ್ಲಿ ಮೂವರು ಚಂದ್ರನ ಕಡೆ ಹೊರಡುತ್ತಾರೆ, ಸೂರ್ಯನ ಜ್ವಾಲೆಯಿಂದ ನೌಕೆ ಕೆಟ್ಟು ಇಬ್ಬರು ಸಾಯುತ್ತಾರೆ, ಒಬ್ಬ ಹುಡುಗ ಒಂಟಿಯಾಗಿ ಉಳಿಯುತ್ತಾನೆ. ದೊ ಕ್ಯಂಗ್‌ಸು ಆ ಪಾತ್ರ ಮಾಡಿದ್ದಾರೆ. ಕೆಳಗೆ ನಾರೋ ಬಾಹ್ಯಾಕಾಶ ಕೇಂದ್ರದಲ್ಲಿ ಅವನನ್ನು ಉಳಿಸೋಕೆ ಒದ್ದಾಡುವ ಹಳೆ ಅಧಿಕಾರಿ ಸೊಲ್ ಕ್ಯಂಗ್‌ಗು. ಚಂದ್ರನ ಮೇಲೆ ಉಲ್ಕೆಗಳು ಬೀಳುವ ದೃಶ್ಯವನ್ನು ದೊಡ್ಡ ಪರದೆಯಲ್ಲಿ ನೋಡಿದ್ದು ಮರೆಯೋದಿಲ್ಲ. ಧೂಳು ಮೇಲೆದ್ದು ಗಾಳಿ ಇಲ್ಲದ ಕಡೆ ಹೇಗೆ ಬೀಳಬೇಕೋ ಹಾಗೇ ಬೀಳುತ್ತಿತ್ತು. ಆದರೆ ಹತ್ತು ನಿಮಿಷಕ್ಕೊಮ್ಮೆ ಯಾರಾದರೂ ಅಳುತ್ತಾರೆ. ಹುಡುಗನ ಉಸಿರಿಗೆ ಗಾಳಿ ಸಾಲದಿರುವಾಗ ಹಳೆ ತಪ್ಪಿನ ಕ್ಷಮಾಪಣೆ ಶುರುವಾಗುತ್ತೆ. ಹಾಕಿದ ದುಡ್ಡು ವಾಪಸ್ ಬರೋಕೆ ಸುಮಾರು 60 ಲಕ್ಷ ಜನ ನೋಡಬೇಕು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ನೋಡಿದವರು 5 ಲಕ್ಷದ ಹತ್ತಿರ. ನನ್ನ ಶೋನಲ್ಲಿ ಅರ್ಧ ಸೀಟೂ ತುಂಬಿರಲಿಲ್ಲ.

ಒಂದು ವಿಷಯ ಮಾತ್ರ ಅವರ ಪರವಾಗಿ ಹೇಳಲೇಬೇಕು. ರಾಕೆಟ್ ಸೋತ ನೋವು ಈ ದೇಶಕ್ಕೆ ಹೊಸದಲ್ಲ. ನಾರೋ ಕೇಂದ್ರ ಕೊರಿಯಾದ ದಕ್ಷಿಣ ತುದಿಯಲ್ಲಿ, ಗೊಹಂಗ್ ಅನ್ನೋ ಕಡೆ ಇದೆ. ಅಲ್ಲಿಂದ 2009ರಲ್ಲಿ ಬಿಟ್ಟ ಮೊದಲ ರಾಕೆಟ್ ಸೋತಿತು. 2010ರ ಜೂನ್‌ನಲ್ಲಿ ಎರಡನೆಯದು ಹಾರಿದ 137 ಸೆಕೆಂಡಿಗೆ ಸಿಡಿಯಿತು. ಗೆದ್ದದ್ದು 2013ರ ಜನವರಿ 30ಕ್ಕೆ. ಪೂರ್ತಿ ಸ್ವಂತದ್ದಾದ ‘ನೂರಿ’ ರಾಕೆಟ್ಟೂ 2021ರಲ್ಲಿ ಮೊದಲ ಸಲ ಗುರಿ ಮುಟ್ಟಲಿಲ್ಲ, 2022ರ ಜೂನ್ 21ಕ್ಕೆ ಮುಟ್ಟಿತು. ಇದನ್ನೆಲ್ಲ ಟಿವಿಯಲ್ಲಿ ನೋಡಿದ ಜನ ಅವರು.

‘ದ ಮೂನ್’ ನೋಡಿ ಮೂರು ವಾರಕ್ಕೆ ಚಂದ್ರಯಾನ-3 ಇಳಿಯಿತು. ಆಗಸ್ಟ್ 23, ಇಲ್ಲಿ ರಾತ್ರಿ 9 ಗಂಟೆ 34 ನಿಮಿಷ. ಬಸ್ಸಿನಲ್ಲಿ ಕೂತು ಫೋನಿನಲ್ಲಿ ನೋಡಿದೆ. ಇಸ್ರೋದ ಕಂಟ್ರೋಲ್ ಕೋಣೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಬರೀ ಅಂಕಿ ಇಳಿಯುತ್ತಿತ್ತು. ನಾಲ್ಕು ವರ್ಷದ ಹಿಂದೆ ಚಂದ್ರಯಾನ-2ರ ಲ್ಯಾಂಡರ್ ಕಳೆದುಕೊಂಡವರು ಅವರೇ. ಅಂಕಿ ನೋಡುತ್ತಾ ನನ್ನ ಕಣ್ಣಲ್ಲಿ ನೀರು ಬಂತು. ಯಾರೂ ಅಳಿಸೋಕೆ ಪ್ರಯತ್ನಪಡಲಿಲ್ಲ. ಸಿನಿಮಾದಿಂದ ನಾನು ಕೇಳೋದೂ ಅಷ್ಟೇ.

ಲೇತ್‌ಮನೆ:
ಸರ್, ಆ ಕೋಣೆ ಇರೋದು ನಮ್ಮ ಪೀಣ್ಯದಲ್ಲೇ. ಇಸ್ಟ್ರ್ಯಾಕ್, ನೌಕೆಗಳ ಜೊತೆ ಸಂಪರ್ಕ ಇಟ್ಟುಕೊಳ್ಳೋ ಇಸ್ರೋ ಕೇಂದ್ರ. ಅವತ್ತು ನಮ್ಮ ಶಾಪಿನಲ್ಲೂ ಮೆಷಿನ್ ನಿಲ್ಲಿಸಿ ಫೋನಿನ ಸುತ್ತ ನಿಂತಿದ್ದೆವು. ಬಾಹ್ಯಾಕಾಶದ ಚೂರುಗಳ ಮೇಲೆ ಕಣ್ಣಿಡೋಕೆ ಇಸ್ರೋ 2022ರ ಜುಲೈನಲ್ಲಿ ಶುರು ಮಾಡಿದ ಕೇಂದ್ರವೂ ಅಲ್ಲೇ ಇದೆ ಅಂತ ನನಗೆ ಗೊತ್ತಾಗಿದ್ದು ಈ ವಾರ. ದಿನಾ ಅದೇ ದಾರಿಯಲ್ಲಿ ಓಡಾಡುತ್ತೇನೆ.

ನೀವು ಹೇಳಿದ್ದು ಯೋಚಿಸಿದೆ. ‘ದ ಮೂನ್’ ನಾನು ನೋಡಿಲ್ಲ. ಆದರೆ ತೇಹೋ ಸಿನಿಮಾದ ಬಹುಪಾಲು ಅಳೋದೇ ಇಲ್ಲ ಸರ್. ದುಡ್ಡು ಎಣಿಸುತ್ತಾನೆ. ಸಿಡುಕುತ್ತಾನೆ. ಜೊತೆಯವರಿಗೆ ಸುಳ್ಳು ಹೇಳುತ್ತಾನೆ. ಅಂಥವನು ಕೊನೆಗೆ ಅತ್ತಾಗ ಅದನ್ನೂ ಶಿನ್‌ಪಾ ಅನ್ನಬೇಕಾ?

ಗಣಿತ ಟೀಚರ್:
ನಡುವೆ ಬರುತ್ತಿದ್ದೇನೆ, ಬೇಜಾರಾಗಬೇಡಿ. ನಾನು ಇದನ್ನು ನನ್ನ ಒಂಬತ್ತು ವರ್ಷದ ಮಗಳ ಜೊತೆ ನೋಡಿದೆ. ಕೆಲವು ಹೊಡೆದಾಟ ದಾಟಿಸಿದೆ, ಬೈಗುಳ ಬಂದಾಗ ಸದ್ದು ಕಡಿಮೆ ಮಾಡಿದೆ.

ಲೇತ್‌ಮನೆ ಅವರೇ, ನಿಮ್ಮ ಲೆಕ್ಕದ ಮಾತನ್ನು ನಾನು ಇನ್ನೊಂದು ಹೆಜ್ಜೆ ಮುಂದೆ ಒಯ್ಯುತ್ತೇನೆ. ಹೂವಮ್ಮನನ್ನು ಒಪ್ಪಿಸಿದರೆ ಸಿಗೋದು 20 ಲಕ್ಷ ಡಾಲರ್. ಆ ದುಡ್ಡಿನಲ್ಲಿ ತೇಹೋ ಸುನಿಯನ್ನು ಹುಡುಕಬಹುದು. ಅಂದರೆ ಒಂದು ತಟ್ಟೆಯಲ್ಲಿ ಸತ್ತ ಮಗು, ಇನ್ನೊಂದರಲ್ಲಿ ಬದುಕಿರೋ ಮಗು. ಅವನು ತಾನು ಕೆಟ್ಟ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡಿಲ್ಲ. ಅಪ್ಪ ಮಾಡಬೇಕಾದ ಕೆಲಸ ಅಂದುಕೊಂಡೇ ಮಾಡುತ್ತಿದ್ದಾನೆ. ಅದೇ ನನ್ನನ್ನು ಅಲ್ಲಾಡಿಸಿದ್ದು. ಬೇರೆಯವರು ಹೂವಮ್ಮನ ಕಡೆ ಬೇಗ ವಾಲುತ್ತಾರೆ, ಇವನೊಬ್ಬನಿಗೆ ಆಗೋದಿಲ್ಲ. ಅವಳ ಮೇಲೆ ಪ್ರೀತಿ ಬಂದರೆ ಸುನಿಗೆ ಮೋಸ ಮಾಡಿದ ಹಾಗೆ ಅವನಿಗೆ. ಸುವೊನ್ ಸರ್, ನೀವು ಬಸ್ಸಿನಲ್ಲಿ ಅಂಕಿ ನೋಡಿ ಅತ್ತಿರಲ್ಲ. ತೇಹೋನ ಕತೆಯಲ್ಲೂ ಇರೋದು ಒಂದು ಅಂಕಿಯೇ. ಇನ್ನೆಷ್ಟು ದುಡ್ಡು ಬೇಕು, ಇನ್ನೆಷ್ಟು ದಿನ ಇದೆ.

ಮಗಳು ಹಿಡಿದುಕೊಂಡಿದ್ದು ಮಾತ್ರ ಟೊಮ್ಯಾಟೊ. ಹಡಗಿನಲ್ಲಿ ಬಾಡಿಹೋಗಿದ್ದ ಗಿಡ ಹೂವಮ್ಮನಿಂದ ಚಿಗುರಿ ಹಣ್ಣು ಬಿಡುತ್ತಲ್ಲ. ಆ ಒರಟು ಮನುಷ್ಯರು ಅದನ್ನು ಬಾಯಿಗೆ ಹಾಕಿಕೊಂಡಾಗ ಮುಖ ಹೇಗಾಯಿತು ನೋಡಿದಿರಾ? ನನ್ನ ಮಗಳು ಮಾರನೇ ದಿನ ಅಡುಗೆಮನೆಯ ಹಣ್ಣು ಟೊಮ್ಯಾಟೊ ಹಿಂಡಿ ಬೀಜ ತೆಗೆದು, ಬೂದಿಯಲ್ಲಿ ಉಜ್ಜಿ, ಒಣಗೋಕೆ ಇಟ್ಟಿದ್ದಾಳೆ. ಹಾಗೆ ಮಾಡಬೇಕು ಅಂತ ಅವಳ ಅಜ್ಜ ಹೇಳಿಕೊಟ್ಟಿದ್ದು.

ಸುವೊನ್ ಕನ್ನಡಿಗ:
ಮೇಡಂ, ಎರಡು ತಟ್ಟೆಯ ಮಾತು ಸರಿ. ನಾನು ಅದನ್ನು ಹಾಗೆ ನೋಡಿರಲಿಲ್ಲ. ಈ ವಾರಾಂತ್ಯ ಮತ್ತೆ ನೋಡುತ್ತೇನೆ. ಕೊನೆಯಲ್ಲಿ ಹೂವಮ್ಮನ ಮೂಲಕ ಸುನಿ ಅವನಿಗೆ ಕಾಣಿಸಿಕೊಳ್ಳುವ ದೃಶ್ಯ ಸ್ವಲ್ಪ ಉದ್ದ ಆಯಿತು ಅನ್ನೋ ಮಾತನ್ನು ಮಾತ್ರ ಬಿಡೋದಿಲ್ಲ.

ಧಾರವಾಡದ ಓದುಗ:
ಅಲ್ಲಿ ನಾನು ಸುವೊನ್ ಸರ್ ಜೊತೆ.

ಸಾಗರದವಳು:
ನಾನು ಟೀಚರ್ ಜೊತೆ. ಇನ್ನೂ ಉದ್ದ ಇರಬೇಕಿತ್ತು.

ರೋಬೋ ಬಗ್ಗೆ ಯಾರೂ ಮಾತಾಡಲಿಲ್ಲ. ಅದು ದುಡ್ಡು ಕೂಡಿಡೋದು ಚರ್ಮ ಹಾಕಿಸಿಕೊಳ್ಳೋಕೆ. ಹಳೆ ಯುದ್ಧದ ಯಂತ್ರ, ದನಿ ಗಂಡಿನದು. ಒಳಗೆ ತಾನು ಹೆಣ್ಣು ಅಂತ ಅದಕ್ಕೆ ಗೊತ್ತು. ಕೊನೆಗೆ ಬೇಕಾದ ರೂಪ ಸಿಗುತ್ತೆ. ಅದನ್ನು ಯಾರೂ ಹೀಯಾಳಿಸೋದಿಲ್ಲ. ಯು ಹೇಜಿನ್ ಬರೀ ದನಿ ಕೊಟ್ಟಿಲ್ಲ, ರೋಬೋನ ನಡಿಗೆ, ಕೈ ಬೀಸೋದು ಎಲ್ಲ ಮೈಗೆ ಸೆನ್ಸರ್ ಕಟ್ಟಿಕೊಂಡು ತಾವೇ ಮಾಡಿದ್ದಾರೆ. ಅದಕ್ಕೇ ಅದು ಕೂತಾಗ ಭುಜ ಇಳಿಬಿಡುವ ರೀತಿ ಅಷ್ಟು ಮನುಷ್ಯರ ಹಾಗಿದೆ. ನಾಲ್ಕು ಜನರಲ್ಲಿ ತನಗೆ ಬೇಕಾದ್ದು ಏನು ಅಂತ ಸ್ಪಷ್ಟವಾಗಿ ಗೊತ್ತಿರೋದು ಅದೊಂದಕ್ಕೇ ಅಂತ ನನಗೆ ಅನ್ನಿಸಿತು.

ಲೇತ್‌ಮನೆ:
ಟೀಚರ್ ಮೇಡಂ, ನಾಲ್ಕು ದಿನದಿಂದ ನಾನು ಹೇಳೋಕೆ ಒದ್ದಾಡುತ್ತಿದ್ದದ್ದನ್ನು ನೀವು ಎರಡು ತಟ್ಟೆಯಲ್ಲಿ ಇಟ್ಟುಬಿಟ್ಟಿರಿ. ಮಗಳ ಬೀಜ ಮೊಳೆತರೆ ಇಲ್ಲಿ ಬಂದು ಹೇಳಿ.

ಇವತ್ತು ಶನಿವಾರ. ಗುಜರಿ ಚಾಚಾ ಬಂದಿದ್ದರು. ಇಪ್ಪತ್ತು ವರ್ಷದಿಂದ ನಮ್ಮ ಬೀದಿಯ ಚೂರು ಒಯ್ಯುವವರು ಅವರೇ. ಟೀ ಕುಡಿಯುವಾಗ ಫೋನಿನಲ್ಲಿ ಶುರುವಿನ ದೃಶ್ಯ ತೋರಿಸಿದೆ. ಈಟಿ ಹೊಡೆದು ತುಂಡು ಎಳೆಯೋದನ್ನು ಎರಡು ಸಲ ನೋಡಿದರು. ಲೋಟ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು: “ಅಲ್ಲಿ ಎಲ್ಲ ತೇಲುತ್ತಲ್ಲಪ್ಪಾ, ತೂಕ ಹೇಗೆ ಹಾಕ್ತಾರೆ?” ನನಗೆ ಉತ್ತರ ಗೊತ್ತಿರಲಿಲ್ಲ. ಕಕ್ಷೆ ಸರ್, ನೀವು ಹೇಳಬೇಕು.

ಕಕ್ಷೆ80:
ಇಷ್ಟು ಒಳ್ಳೆ ಪ್ರಶ್ನೆ ನನ್ನ ಕ್ಲಾಸಿನಲ್ಲೂ ಯಾರೂ ಕೇಳಿಲ್ಲ. ಅಲ್ಲಿ ತಕ್ಕಡಿ ಕೆಲಸ ಮಾಡೋದಿಲ್ಲ. ಎಷ್ಟೇ ಭಾರ ಇಟ್ಟರೂ ಮುಳ್ಳು ಅಲ್ಲಾಡೋದಿಲ್ಲ. ಆದರೆ ತುಂಡಿನೊಳಗೆ ಎಷ್ಟು ಲೋಹ ಇದೆ ಅನ್ನೋದು ಎಲ್ಲಿಗೆ ಹೋದರೂ ಬದಲಾಗೋದಿಲ್ಲ. ಅದನ್ನು ಅಲ್ಲಾಡಿಸಿ ತಿಳಿಯಬೇಕು. ಸ್ಪ್ರಿಂಗಿಗೆ ಕಟ್ಟಿ ಎಳೆದು ಬಿಟ್ಟರೆ ಹಗುರವಾದದ್ದು ಬೇಗ ಬೇಗ ಆಡುತ್ತೆ, ಭಾರದ್ದು ನಿಧಾನಕ್ಕೆ. ಒಂದು ಆಟಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಅಳೆದರೆ ಕೆಜಿ ಲೆಕ್ಕ ಸಿಗುತ್ತೆ. ಬಾಹ್ಯಾಕಾಶ ನಿಲ್ದಾಣದಲ್ಲಿ ಇರುವವರು ತಮ್ಮ ಮೈಭಾರ ನೋಡಿಕೊಳ್ಳೋಕೂ ಇಂಥ ಸ್ಪ್ರಿಂಗಿನ ಸಾಧನ ಇದೆ.

ನಿಮ್ಮ ಶಾಪಿನಲ್ಲೇ ಮಾಡಿ ತೋರಿಸಬಹುದು. ಹ್ಯಾಕ್ಸಾ ಬ್ಲೇಡಿನ ಒಂದು ತುದಿಯನ್ನು ವೈಸಿಗೆ ಕಚ್ಚಿಸಿ. ಬ್ಲೇಡು ಮೇಲೆ ಕೆಳಗೆ ಅಲ್ಲ, ಅಡ್ಡಡ್ಡ ಆಡಬೇಕು. ಇನ್ನೊಂದು ತುದಿಗೆ ಒಂದು ನಟ್ಟು ಬಿಗಿಯಾಗಿ ಕಟ್ಟಿ ಬೆರಳಿನಿಂದ ಮೀಟಿ. ಆಮೇಲೆ ಮೂರು ನಟ್ಟು ಕಟ್ಟಿ ಮೀಟಿ.

ಲೇತ್‌ಮನೆ:
ಈಗಷ್ಟೇ ಮಾಡಿ ನೋಡಿದೆ ಸರ್. ಒಂದು ನಟ್ಟಿಗೆ ಕಣ್ಣಿಗೆ ಸಿಗದಷ್ಟು ಬೇಗ ಆಡಿತು. ಮೂರಕ್ಕೆ ನಿಧಾನ ಆಯಿತು. ಐದು ಕಟ್ಟಿದಾಗ ಎಣಿಸೋಕೆ ಬಂತು. ಬ್ಲೇಡನ್ನು ವೈಸಿನಲ್ಲಿ ಹಾಗೇ ಬಿಟ್ಟಿದ್ದೇನೆ, ಮುಂದಿನ ಶನಿವಾರ ಚಾಚಾಗೆ ತೋರಿಸೋಕೆ.